ಎಲ್ಲರಿಗೂ ಒಂದೇ ಟೈರು

ಭಾವ,

ಮೊದಲು ‘ಪೂಜ್ಯ ಭಾವನವರಿಗೆ’ ಎಂದೇ ಬರೆದೆ. ಆ ‘ಪೂಜ್ಯ’ ಯಾಕೋ ಹಾಳೆಯ ಮೇಲೆ ನಿಲ್ಲಲಿಲ್ಲ, ಹೊಡೆದುಹಾಕಿದೆ.

ಮೊನ್ನೆಯ ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ ನಾನು ನಿಮಗೆ ಕಂಡಿದ್ದೆ. ಮುಂದಿನ ವರ್ಷದಿಂದ ರೇಸಿನ ಬೈಕುಗಳಿಗೆಲ್ಲ ಒಂದೇ ದೊಡ್ಡ ಕಂಪನಿಯ ಟೈರೇ, ಇಲ್ಲ ಈಗಿನಂತೆ ಅವರವರಿಗೆ ಬೇಕಾದ್ದೇ ಎಂದು ತೀರ್ಮಾನವಾಗಬೇಕಿತ್ತು. ಸವಾರರ ಪರವಾಗಿ ಎದ್ದವರು ನೀವು. ಹಿಂದಿನ ಭಾನುವಾರ ಅಕ್ಕ ಬಡಿಸುತ್ತಿದ್ದಾಗ ನಿಮ್ಮನ್ನು ಕೇಳಿದ್ದೆ, ಏನು ಹೇಳ್ತೀರಿ ಎಂದು. “ಹನ್ನೊಂದು ವರ್ಷ ನಿನ್ನ ಟೈರಿನ ಮೇಲೆ ಕೂತವನು ನಾನು, ಇನ್ನೇನು ಹೇಳ್ಲಿ?” ಎಂದು ನಕ್ಕಿರಿ. ಅದನ್ನು ಮಾತು ಕೊಟ್ಟಂತೆ ತಿಳಿದೆ. ನನ್ನ ದಡ್ಡತನ.

ಆ ಹನ್ನೊಂದು ವರ್ಷದಲ್ಲಿ ಪ್ರತಿ ರೇಸು ಮುಗಿದ ಮಾರನೆಯ ದಿನ ನೀವು ನಮ್ಮ ಟೈರಿನ ಕಾರ್ಖಾನೆಗೆ ಬರುತ್ತಿದ್ದಿರಿ. ಅಚ್ಚಿನ ಯಂತ್ರದ ಕಾವಿನಲ್ಲಿ ನಿಂತು, ಎರಡೂ ಅಂಗೈ ಗಾಳಿಯಲ್ಲಿ ವಾಲಿಸಿ, “ಹಿಂದಿನ ಚಕ್ರ ಹೀಗೆ ಜಾರ್ಕೊಂಡ್ ಹೋಗುತ್ತೆ ನೋಡು” ಎನ್ನುತ್ತಿದ್ದಿರಿ. ನಾನು ರಬ್ಬರಿನ ಹದ ಬದಲಿಸುತ್ತಿದ್ದೆ. ನಿಮ್ಮ ಮದುವೆಯ ದಿನವೂ ನನ್ನ ಉಗುರಿನ ಸಂದಿಯಲ್ಲಿ ಮಸಿಯಿತ್ತು. ಎಲ್ಲರೂ ಮುಖ ಸಿಂಡರಿಸಿದರೆ ನೀವೊಬ್ಬರೇ, “ಇರ್ಲಿ ಬಿಡಿ, ನನ್ನ ಜೀವ ಆ ಕೈಲೇ ಇರೋದು” ಎಂದಿರಿ.

ಮೂರು ವರ್ಷದ ಹಿಂದೆ ಟೈರಿನ ಮೇಲ್ಪದರ ಕಿತ್ತುಬಂದು ನೀವು ಬಿದ್ದಿರಿ. ಆಸ್ಪತ್ರೆಯಲ್ಲಿ ಅಕ್ಕ ಔಷಧಿ ತರಲು ಹೋದಾಗ ನಿಮ್ಮ ಮಂಚದ ಪಕ್ಕ ಕೂತು ಬಾಯಿಬಿಟ್ಟೆ. ರೇಸಿಗೆ ತಡವಾಗುತ್ತದೆಂದು ಆ ಸಲದ ಟೈರುಗಳನ್ನು ಆರು ನಿಮಿಷ ಮೊದಲೇ ಅಚ್ಚಿನಿಂದ ತೆಗೆದಿದ್ದೆ, ರಬ್ಬರು ಸರಿಯಾಗಿ ಬೆಂದಿರಲಿಲ್ಲ. ಉಳಿದವನ್ನೆಲ್ಲ ವಾಪಸು ತರಿಸಿ ಕತ್ತರಿಸಿ ಹಾಕಿದ್ದೆ. ಗಾಯವಿಲ್ಲದ ಕೈಯನ್ನು ನನ್ನ ತಲೆಯ ಮೇಲಿಟ್ಟು, “ಇದು ನಮ್ಮಿಬ್ಬರಲ್ಲೇ ಇರ್ಲಿ. ನಿಮ್ಮಕ್ಕನಿಗೂ ಬೇಡ” ಎಂದಿರಿ.

ಅದನ್ನೇ ಮೈಕಿನ ಮುಂದೆ ಹೇಳಿದಿರಿ. “ಆರು ನಿಮಿಷದ ಆತುರಕ್ಕೆ ನನ್ನ ಹೆಗಲು ಮುರೀತು. ಮಾಡಿದವರು ನಮ್ಮ ಮನೆಯವರೇ, ಅವರೇ ಒಪ್ಕೊಂಡಿದ್ದಾರೆ. ಸಣ್ಣ ಕಾರ್ಖಾನೆ ನಂಬಿದ್ರೆ ಇದೇ ಗತಿ.” ಅಷ್ಟು ತಲೆಗಳೂ ನನ್ನತ್ತ ತಿರುಗಿದವು. ಪಕ್ಕದಲ್ಲೇ ಕೂತಿದ್ದ ಅಕ್ಕ ನನ್ನ ಕೈ ಹಿಡಿದಿದ್ದಳು. ಬಿಟ್ಟಳು. ಆಮೇಲೆ ಒಂದೇ ಟೈರಿನ ಪರ ಎಷ್ಟು ಕೈ ಎದ್ದವು ಎಂದು ನಾನು ನೋಡಲಿಲ್ಲ. ತೀರ್ಮಾನ ನಿಮ್ಮ ಕಡೆಗೇ ಆಯಿತಂತೆ.

ನಿಮ್ಮ ವಾದ ತಪ್ಪೆಂದು ನಾನು ಹೇಳುತ್ತಿಲ್ಲ, ಭಾವ. ಉಳ್ಳ ತಂಡಕ್ಕೆ ಒಳ್ಳೆಯ ಟೈರು, ಇಲ್ಲದವರಿಗೆ ಮಿಕ್ಕಿದ್ದು ಎಂಬುದು ಎಲ್ಲರಿಗೂ ಒಂದೇ ಟೈರಾದರೆ ತಪ್ಪುತ್ತದೆ. ಗೆದ್ದವನು ತನ್ನ ಕೈಯಿಂದಲೇ ಗೆದ್ದಂತೆ. ಆದರೆ ಅಂಗೈ ವಾಲಿಸಿ ತೋರಿಸುವ ಸವಾರನಿಗಾಗಿ ಆ ದೊಡ್ಡ ಕಂಪನಿ ಹದ ಬದಲಿಸೀತೇ? ಎರಡನ್ನೂ ತೂಗಿ ನೀವು ಆ ಕಡೆ ಹೋಗಿದ್ದರೆ ಒಂದು ವಾರ ಜಗಳವಾಡಿ ಸುಮ್ಮನಾಗುತ್ತಿದ್ದೆ. ನನ್ನ ತಪ್ಪು ಆ ಸಭೆಗೆ ಗೊತ್ತಾಗಬೇಕಿತ್ತು, ಅದನ್ನೂ ಒಪ್ಪುತ್ತೇನೆ. “ಎದ್ದು ಹೇಳು” ಎಂದಿದ್ದರೆ ನಾನೇ ಹೇಳುತ್ತಿದ್ದೆ, ಅದಕ್ಕೂ ಮೊದಲು ಅಕ್ಕನಿಗೆ ಹೇಳುತ್ತಿದ್ದೆ. ನೀವು ಕೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸಿದಿರಿ.

ಮುಂದಿನ ವರ್ಷದವರೆಗೂ ಕಾಯದೆ ನಿನ್ನೆಯೇ ನಿಮ್ಮ ಮೆಕ್ಯಾನಿಕ್ ಆ ಕಂಪನಿಯ ಟೈರು ಹೊತ್ತು ಬಂದ. ಚಕ್ರಕ್ಕೆ ಕೂರಿಸಲು ನಾನೇ ಆಗಬೇಕು ಎಂದು ನೀವು ಹೇಳಿದಿರಂತೆ. “ಹಾಗೇ ವಾಪಸ್ ಕಳ್ಸಮ್ಮ, ಮುಖ ಯಾಕೆ ನೋಡ್ತೀಯ” ಎಂದರು ನಮ್ಮ ಹಳೆಯ ಕೆಲಸಗಾರರು. ನನಗೂ ಹಾಗೇ ಅನ್ನಿಸಿತು. ಆದರೂ ಕೂರಿಸಿದೆ. ಇನ್ನು ಮುಂದೆ ನಿಮ್ಮ ಚಕ್ರ ಮುಟ್ಟುವುದಿಲ್ಲ. ಭಾನುವಾರದ ಊಟಕ್ಕೂ ಬರುವುದಿಲ್ಲ. ಅಕ್ಕ ಮಾತಾಡಬೇಕು ಎಂದರೆ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತದೆ. ನಿಮಗೆ ಸದ್ಯಕ್ಕಿಲ್ಲ.

ಒಂದು ಮಾತು ಹೇಳದೆ ಮನಸ್ಸು ಕೇಳುತ್ತಿಲ್ಲ. ಆ ಟೈರು ಒಳ್ಳೆಯದೇ, ಆದರೆ ನಮ್ಮದಕ್ಕಿಂತ ಗಟ್ಟಿ, ಬಿಸಿಯೇರಲು ತಡ. ಮೊದಲ ಎರಡು ಸುತ್ತು ಯಾರು ಮುಂದೆ ಹೋದರೂ ಹೋಗಲಿ, ನೀವು ತಿರುವಿನಲ್ಲಿ ವಾಲಬೇಡಿ. ಬೀಳದೆ ಮನೆ ಸೇರಿ.

ಇಷ್ಟೇ,
ನಿಮ್ಮ ನಾದಿನಿ