ಮಾದರಿ ಮನೆಯ ಅಜ್ಜಿ

ನೆರೂಳ, ಸೋಮವಾರ

ಅಮ್ಮಾ, ಸಿಟ್ಟಿದ್ದರೂ ನಮಸ್ಕಾರ.

ನಿನ್ನೆಯಿಂದ ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಯಾಣದ ಆಚೆ ನಮ್ಮ ಹಳೆಯ ಊರಿನಲ್ಲೇ ನಿನ್ನ ಅಳಿಯ ಸುಜನ್ ಆನ್‌ಲೈನಿನಲ್ಲಿ ಫ್ಲ್ಯಾಟು ಬುಕ್ ಮಾಡಿದ್ದರು. ನಿನ್ನನ್ನೂ ಅಲ್ಲಿಗೇ ಕರೆದುಕೊಳ್ಳೋಣ ಎಂದು ನಮ್ಮಿಬ್ಬರ ಆಸೆ. ನಿನ್ನೆ ನೋಡಲು ಹೋದೆವು. ಅಪ್ಪ ಅಲ್ಲಿ ಹೋಟೆಲಿಟ್ಟಾಗ ಊರಿಗೆಲ್ಲ ಇಪ್ಪತ್ತು ಮನೆಯೂ ಇರಲಿಲ್ಲ ಎನ್ನುತ್ತಿದ್ದೆಯಲ್ಲ? ಅಯ್ಯಬ್ಬ, ಈಗ ಒಂದೊಂದು ಟವರಿಗೂ ಮೂವತ್ತು ಮಹಡಿ! ಗದ್ದೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಒಂದೂ ತಿಳಿಯಲಿಲ್ಲ. ಅವುಗಳ ನಡುವೆ ನಮ್ಮ ಹೆಂಚಿನ ಮನೆ! ಬಿಲ್ಡರ್‌ಗೆ ಮಾರಿದ ಮೇಲೆ ಕೆಡವಿದರು ಎಂದು ನೀನೇ ಹೇಳಿದ್ದೆ. ಗೋಡೆಗೆ ಹೊಸ ಬಣ್ಣ, ಬಾಗಿಲಲ್ಲಿ ‘ಹೆರಿಟೇಜ್ ಹೋಮ್’ ಎಂಬ ಬೋರ್ಡು.

ಅಂದರ್ ಆಯಿಯೇ ಮೇಡಂ, ಗಾಂವ್ ಕೀ ಅಸಲೀ ಆಜೀ ಕೇ ಹಾಥ್ ಕಾ ನೀರ್‌ದೋಸಾ ಖಾಯಿಯೇ ಎಂದ ಸೇಲ್ಸ್‌ನವನು. ಊರಿನ ಅಸಲಿ ಅಜ್ಜಿಯ ಕೈಯ ನೀರುದೋಸೆಯಂತೆ! ಒಳಗೆ ನೋಡಿದರೆ ನೀನು! ಭಾನುವಾರವೆಲ್ಲ ಡೊಂಬಿವಲಿಯಲ್ಲಿ ಭಜನೆಗೆ ಹೋಗುತ್ತೇನೆ ಎನ್ನುವವಳು, ಜರಿಸೀರೆ ಉಟ್ಟು ನಮ್ಮದೇ ಒಲೆಯ ಮುಂದೆ! ನನ್ನ ಜೀವವೇ ಹಾರಿಹೋಯಿತು. ನೀನೋ ನನ್ನ ಮುಖ ನೋಡಿಯೂ, ಯಾರೋ ಗಿರಾಕಿಗೆ ಕೂರಲು ಹೇಳುವಂತೆ ಬೈಠಿಯೇ ಮೇಡಂ ಅಂದುಬಿಟ್ಟೆ. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮೇಡಂ! ಪುಣ್ಯಕ್ಕೆ ಸುಜನ್ ಲಿಫ್ಟ್ ನೋಡಲು ಹೋಗಿದ್ದರು. ನಾನು ತಿರುಗಿ ಹೊರಗೆ ಬಂದೆ.

ಸಿಟ್ಟು ಸ್ವಲ್ಪ ಇಳಿದ ಮೇಲೆ ಅರ್ಥವಾಯಿತು. ನಿನಗೆ ಬೇಕಾದದ್ದು ಅವರ ಸಂಬಳವಲ್ಲ, ಆ ಅಡಿಗೆಮನೆ. ನನಗೆ ಹೇಳಿದ್ದರೆ ಬೇಡವೆನ್ನುತ್ತಿದ್ದೆ, ಅದೂ ನಿಜ. ಆದರೆ ಅಮ್ಮಾ, ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಫ್ಲ್ಯಾಟುಗಳೆಲ್ಲ ಮಾರಿ ಮುಗಿದ ಮೇಲೆ ಆ ಮನೆ ಕೆಡವಿ ಪಾರ್ಕಿಂಗ್ ಮಾಡುತ್ತಾರಂತೆ. ಸೇಲ್ಸ್‌ನವನು ಹೊರಗೆ ಸಿಕ್ಕಾಗ ನಗುನಗುತ್ತಾ ಹೇಳಿದ. ಆಜೀ ಕೇ ದೋಸೇ ಪೇ ಹೀ ಆಧಾ ಟವರ್ ಬಿಕ್ ಗಯಾ ಎಂದೂ ಹೊಗಳಿದ. ನಿನ್ನ ದೋಸೆಯಿಂದಲೇ ಅರ್ಧ ಟವರು ಮಾರಿಹೋಯಿತಂತೆ. ಬಂದವರಿಗೆಲ್ಲ ಬಡಿಸಿ ಬಡಿಸಿ ನಿನ್ನ ಮನೆಯನ್ನು ನೀನೇ ಕೆಡವಿಸುತ್ತಿದ್ದೀಯಲ್ಲ, ನನ್ನ ಕರ್ಮವೇ! ಸಾಕು ಮಾಡು. ನೆರೂಳಿಗೆ ಬಂದುಬಿಡು.

ನಿನ್ನನ್ನು ಬೈಯುತ್ತಲೇ ಅಳುತ್ತಿರುವ ಮಗಳು,
ಜ್ಯೋತ್ಸ್ನಾ

ತಾ.ಕ.: ನೀನು ಬರುವವಳಲ್ಲ, ಗೊತ್ತು. ಒಂದು ಫ್ಲ್ಯಾಟಾದರೂ ಮಾರದೆ ಉಳಿಯಲಿ ಎಂದು ಇವತ್ತು ನಮ್ಮ ಬುಕಿಂಗ್ ಕ್ಯಾನ್ಸಲ್ ಮಾಡಿಸಿದೆ. ವಾಸ್ತು ಸರಿಯಿಲ್ಲ ಎಂದು ಸುಜನ್‌ಗೆ ಸುಳ್ಳು ಹೇಳಿದೆ. ನಿನ್ನೆ ಗೇಟಿನ ಹತ್ತಿರ ಫ್ಲ್ಯಾಟು ನೋಡಲು ಬಂದ ಗಂಡಹೆಂಡತಿ ಸಿಕ್ಕಿದ್ದರು. ಇಲ್ಲಿ ನೀರೇ ಬರುವುದಿಲ್ಲ ಎಂದೆ. ಪಾಪ, ನಂಬಿ ವಾಪಸ್ಸು ಹೋದರು. ಮುಂದಿನ ಭಾನುವಾರವೂ ಗೇಟಿನಲ್ಲಿ ನಿಲ್ಲುತ್ತೇನೆ.