ಆಯುಧಪೂಜೆಗೆ ತೊಳೆದ ಟ್ಯಾಂಕು

ಕಡೂರು,
12 ಅಕ್ಟೋಬರ್ 2025

ಗೆಳೆಯ ಶೌಕತ್ ಅಲಿಗೆ ಕನಕರಾಜು ಮಾಡುವ ಸಲಾಮು.

ಅತ್ತಿಗೆ ರಹಮತ್ ಬಿಯವರ ಮಂಡಿನೋವು ಹೇಗಿದೆ? ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಚೆನ್ನಾಗಿ ಬೈದುಕೊಂಡು ಮುಂದೆ ಓದು. ತರೀಕೆರೆಗೆ ಬಸ್ಸು ಹತ್ತಲು ಇವನಿಗೇನು ಧಾಡಿ ಅನ್ನುತ್ತೀಯ, ಗೊತ್ತು. ಸದ್ಯಕ್ಕೆ ಮನೆ ಬಿಟ್ಟು ಬರುವಂತಿಲ್ಲ. ಫೋನಲ್ಲಿ ಹೇಳೋಣವೆಂದರೆ ಉಚ್ಚಂಗಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಹೆಂಡತಿಯ ಮೇಲಿನ ದೂರನ್ನು ಅವಳ ಎದುರೇ ಹೇಳುವ ಧೈರ್ಯವನ್ನು ನಮಗೆ ಮಿಲಿಟರಿಯಲ್ಲೂ ಕಲಿಸಲಿಲ್ಲವಲ್ಲ.

ವಿಷಯ ಏನೆಂದರೆ, ನಿನಗೆ ಮಾತು ಕೊಟ್ಟಿದ್ದ ನಮ್ಮ ಟ್ಯಾಂಕಿನ ಫೋಟೊ ಆಗಲಿಲ್ಲ. ಹೊಟ್ಟೆ ಉರಿಯುತ್ತಿದೆ.

‘ಅಷ್ಟು ವರ್ಷ ಅದ್ರ ಹೊಟ್ಟೇಲಿ ಕೂತಿದ್ವಿ, ನಮ್ ಗಾಡೀದು ಒಂದು ಫೋಟೊ ಇಲ್ವಲ್ಲೋ ಕನಕ’ ಎಂದು ರಂಜಾನಿನಲ್ಲಿ ನೀನು ಅಂದೆ. ರೆಜಿಮೆಂಟಿನಲ್ಲಿ ಕ್ಯಾಮೆರಾ ಮುಟ್ಟಲು ಎಲ್ಲಿ ಬಿಡುತ್ತಿದ್ದರು? ಆ ಮಾತು ತಲೆಯಲ್ಲಿ ಕೂತಿದ್ದರಿಂದಲೇ ಈ ಮಾಡೆಲ್ ಹುಚ್ಚು ಹತ್ತಿದ್ದು. ಪ್ಲಾಸ್ಟಿಕ್ ತುಂಡುಗಳನ್ನು ತರಿಸಿ, ಅಂಟಿಸಿ, ಬಣ್ಣ ಬಳಿದು, ಒಂದು ಮೊಳವೂ ಇಲ್ಲದ ನಮ್ಮ ಟ್ಯಾಂಕನ್ನು ಕಟ್ಟಿದೆ. ಆ ಮರಳುಗಾಡಿನಲ್ಲಿದ್ದ ಒಂದೇ ಒಂದು ಮರಕ್ಕೆ ನಾನು ಗಾಡಿ ಗುದ್ದಿದಾಗ ನೀನು ಗನ್ನರ್ ಸೀಟಿನಿಂದಲೇ ನನ್ನ ವಂಶವನ್ನೆಲ್ಲ ಜಾಲಾಡಿದ್ದೆಯಲ್ಲ, ಆ ಮಡ್‌ಗಾರ್ಡಿನ ತಗ್ಗನ್ನೂ ಸೂಜಿ ಕಾಯಿಸಿ ಮಾಡಿದ್ದೆ.

ಫೋಟೊ ತೆಗೆಯುವುದು ಇನ್ನೊಂದು ಕರ್ಮ. ನಿಜದ ಟ್ಯಾಂಕಿನ ಹಾಗೆ ಕಾಣಬೇಕಾದರೆ ಕ್ಯಾಮೆರಾ ನೆಲಕ್ಕೆ ತಾಗಬೇಕು, ನಾನು ಹೊಟ್ಟೆಯ ಮೇಲೆ ಮಲಗಬೇಕು. ಬೇಸಿಗೆಯಲ್ಲಿ ಎಮ್ಮೆದೊಡ್ಡಿ ಕಾವಲಿನ ಬಯಲಿಗೆ ಹೋಗಿ ಮಲಗಿದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಟ್ಯಾಂಕಿನ ನೆತ್ತಿಯ ಮೇಲೆ ಒಂದು ಗೊದ್ದ ಇರುವೆ! ನಾಯಿಮರಿ ಹತ್ತಿ ಕೂತ ಹಾಗೆ ಕಾಣುತ್ತಿತ್ತು. ಇನ್ನೊಂದು ಸಲ ಹೋದಾಗ ಅಮೃತಮಹಲ್ ಹಸು ಬಂದು ಮೂಸಿತು. ಅದರ ಹಿಂದೆಯೇ ದನ ಕಾಯುವ ದೊಡ್ಡಬೀರಪ್ಪ ಓಡಿಬಂದ. ‘ಯಾರೋ ತಲೆ ತಿರುಗಿ ಬಿದ್ದವ್ರೆ ಅಂತ ಬಂದೆ ಕಣ್ರೀ. ಈ ವಯಸ್ನಲ್ಲಿ ಆಟ ಆಡ್ತಾ ಇದ್ದೀರಾ?’ ಎಂದ. ನನ್ನ ಮಾನ ಮೂರು ಕಾಸಿಗೆ ಹೋಯಿತು.

ಅಷ್ಟಾದರೂ ಅವನ ಮಾತಲ್ಲಿ ಸತ್ಯವಿತ್ತು. ಹೊಸ ಬಣ್ಣ ಫಳಫಳ ಹೊಳೆದರೆ ಅದು ಆಟದ ಸಾಮಾನೇ. ಅದಕ್ಕೆ ಕಾವಲಿನ ಮಣ್ಣು ತಂದು, ಹಳೇ ಸೀರೆಯಲ್ಲಿ ಸೋಸಿ, ಕುಂಚದ ತುದಿಯಿಂದ ಚೈನಿನ ಸಂದುಸಂದಿಗೂ ಧೂಳು ಕೂರಿಸಿದ್ದಾಯಿತು. ತುಕ್ಕು, ಎಣ್ಣೆ ಕಲೆ, ಬೂಟಿನ ಗುರುತು ಎಲ್ಲ ಬಂತು. ಮಳೆಗಾಲ ಪೂರ್ತಿ ಅದೇ ಕೆಲಸ. ಮುಗಿದ ದಿನ ನೋಡಿದರೆ, ನಿನ್ನಾಣೆ, ಡೀಸೆಲ್ ವಾಸನೆ ಬಂದ ಹಾಗಾಯಿತು ಕಣೋ. ಹಬ್ಬ ಕಳೆದು ಬಿಸಿಲು ಬಂದಮೇಲೆ ಫೋಟೊ ತೆಗೆಯೋಣ ಎಂದು ಕಪಾಟಿನ ಮೇಲೆ ಇಟ್ಟೆ.

ಆಯುಧಪೂಜೆಯ ಬೆಳಿಗ್ಗೆ ಬೂದುಗುಂಬಳಕಾಯಿ ತರಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಉಚ್ಚಂಗಮ್ಮ ಸ್ಕೂಟರು, ಮಚ್ಚು, ಈಳಿಗೆಮಣೆಯ ಜೊತೆಗೆ ನಮ್ಮ ಟ್ಯಾಂಕನ್ನೂ ನಲ್ಲಿ ಕೆಳಗೆ ಹಿಡಿದು, ತೆಂಗಿನ ನಾರು ಹಾಕಿ ತಿಕ್ಕಿಬಿಟ್ಟಿದ್ದಳು! ಧೂಳಿಲ್ಲ, ತುಕ್ಕಿಲ್ಲ, ಆಂಟೆನಾ ಮುರಿದಿದೆ. ವಿಭೂತಿ ಎಳೆದು, ಕುಂಕುಮ ಇಟ್ಟು, ತೋಪಿನ ಬಾಯಿಗೆ ಸೇವಂತಿಗೆ ಸಿಕ್ಕಿಸಿದ್ದಾಳೆ. ಚೈನಿನ ಕೆಳಗೆ ನಿಂಬೆಹಣ್ಣು ಬೇರೆ. ನಿಂಬೆಹಣ್ಣೇ ದೊಡ್ಡದಾಗಿ, ಟ್ಯಾಂಕು ಮೂತಿ ಎತ್ತಿಕೊಂಡು ನಿಂತಿತ್ತು.

‘ಏನೇ ಮಾಡ್ದೆ ಇದು?’ ಎಂದೆ.

‘ಎಷ್ಟೊಂದು ಧೂಳು ಕೂತಿತ್ತು ಕಣ್ರೀ. ಯಾರ ಮನೆ ಮಗೂದೋ ಏನೋ. ಹಬ್ಬದ ದಿನ ಹಂಗೇ ಬಿಡಕಾಗುತ್ತಾ?’ ಎಂದು ನಕ್ಕಳು.

ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಸೊಸೆ ಅನಿತಾ ರಂಗೋಲಿ ಬಿಟ್ಟು ಓಡಿಬಂದು, ‘ಮಾವ, ಸಾಕು ಸುಮ್ನಿರಿ, ಅತ್ತೆಗೆ ಬೈಬೇಡಿ’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ನಿಲ್ಲಿಸಲಿಲ್ಲ. ಒಬ್ಬರ ಆರು ತಿಂಗಳ ಕೆಲಸವನ್ನು ಹೀಗೆ ಚರಂಡಿಗೆ ಬಿಡುವುದೇ?

ಧೂಳು ತಾನೇ, ಮತ್ತೆ ಹಚ್ಚು ಅನ್ನುತ್ತೀಯ. ಹಚ್ಚಿ ನೋಡಿದೆ. ನನ್ನ ಬೆರಳು ದಪ್ಪ, ಸಗಣಿ ಮೆತ್ತಿದ ಹಾಗಾಯಿತು. ಒರೆಸಿ ಇಟ್ಟಿದ್ದೇನೆ. ಮತ್ತೆ ಕುಂಚ ಮುಟ್ಟಲು ಮನಸ್ಸಿಲ್ಲ.

ಅಲ್ಮಾಸ್‌ಳ ಮದುವೆ ಮಾತು ಎಲ್ಲಿಗೆ ಬಂತು, ತಿಳಿಸು. ಮಗಳು ನೂರು ಕಾಲ ಸುಖವಾಗಿರಲಿ ಎಂದು ನನ್ನ ಆಶೀರ್ವಾದ ಹೇಳು. ನಿನ್ನ ಅಲ್ಲಾ, ನಮ್ಮ ಬೀರಪ್ಪ ದೇವರು ಇಬ್ಬರೂ ಸೇರಿ ನನಗಿಷ್ಟು ತಾಳ್ಮೆ ಕೊಡಲಿ.

ನಿನ್ನ ಡ್ರೈವರ್,
ಕನಕರಾಜು

ತಾ.ಕ.: ಕವರು ಅಂಟಿಸಲು ಹೋದವನು ಮತ್ತೆ ಬಿಚ್ಚಿದೆ. ಆ ಧೂಳು ಹಚ್ಚಿದವಳು ಅವಳೇ ಕಣೋ ಶೌಕತ್. ಸೋಸಿದ್ದು ಅವಳ ಸೀರೆಯಲ್ಲಿ, ಕುಂಚ ಹಿಡಿದದ್ದು ಅವಳ ಕೈ. ‘ಶೌಕತಣ್ಣ ನೋಡಿದ್ರೆ ಅತ್ಬಿಡ್ಬೇಕು, ಹಂಗ್ ಮಾಡ್ತೀನಿ’ ಎಂದು ಮಳೆಗಾಲವೆಲ್ಲ ನನ್ನೆದುರು ಕೂತು ಮಾಡಿದಳು. ಅದನ್ನೇ ಯಾರ ಮನೆಯ ಮಗುವಿನದೋ ಎಂದಳು. ಅನಿತಾಳಿಗೆ ಮೊದಲೇ ಅನುಮಾನವಿತ್ತಂತೆ. ಹಬ್ಬ ಕಳೆದಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮರೆವಿನ ಕಾಯಿಲೆ, ಹೋದದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಬೇಗ ಒಂದು ಸಲ ಬಾ. ಯಾವಾಗಲಿನ ಹಾಗೆ ‘ಉಚ್ಚಂಗಮ್ಮಾ, ಟೀ!’ ಎಂದು ಕೂಗಿಕೊಂಡು ಒಳಗೆ ನುಗ್ಗಬೇಡ. ಬಾಗಿಲಲ್ಲಿ ನಿಂತು, ಮೊದಲು ನಿನ್ನ ಹೆಸರು ಹೇಳು.