ಆರು ಅಂಕಿಯ ಕೆಳಗ

ಫೆಬ್ರವರಿ 11, ಬುಧವಾರ. ಹೊಸಪೇಟೆ

ನನ್ನ ನಾಲಿಗಿಗೆ ಯಾಕ ಇಷ್ಟು ಅವಸರ.

ಸಂಡೂರಿನ ರೇವಣಸಿದ್ದಪ್ಪ ಅಂಗಡಿಗೆ ಬಂದಿದ್ರು. ನಿಶ್ಚಿತಾರ್ಥದಾಗ ಕಂಪ್ಲಿಯ ಬೀಗರು ತಮ್ಮ ಕೈಯಾಗಿನ ಫಾರಿನ್ ವಾಚು ಬಿಚ್ಚಿ ಇವರ ಮಗನಿಗೆ ಕಟ್ಟಿದ್ರಂತ. "ಅಸಲಿ ಹೌದೋ ಅಲ್ಲೋ ನೋಡ್ರಿ" ಅಂದ್ರು. ಭೂತಗನ್ನಡಿ ಹಚ್ಚಿದೆ. ಗಾಜಿನಾಗ, ಆರು ಅಂಕಿಯ ಕೆಳಗ, ಬರಿಗಣ್ಣಿಗೆ ಕಾಣದಂಥ ಕಂಪನಿ ಗುರುತು ಇರಬೇಕು. ಇರಲಿಲ್ಲ. "ನಕಲಿ ರೀ" ಅಂದುಬಿಟ್ಟೆ. ಅಲ್ಲೇ ನಿಂತು ಕಂಪ್ಲಿಗೆ ಫೋನ್ ಹಚ್ಚಿದ್ರು: "ಈ ಸಂಬಂಧ ಬ್ಯಾಡ. ವಾಚು ಅಂಗಡ್ಯಾಗ ಐತಿ, ಒಯ್ಯಿರಿ."

ಅವರು ಹೋದಮ್ಯಾಲ ಹಿಂದಿನ ಮುಚ್ಚಳ ಬಿಚ್ಚಿದೆ. ಮಷೀನು ಅಸಲಿ. ಮುಚ್ಚಳದ ಒಳಗ, ರಿಪೇರಿ ಆದಮ್ಯಾಲ ನಾನು ಸೂಜಿಯಿಂದ ಕೊರೆಯೋ ಗುರುತು: ಗಾಜು, 2019. ಒಡೆದ ಗಾಜು ತೆಗೆದು ಲೋಕಲ್ ಗಾಜು ಕೂರಿಸಿದಾಂವ ನಾನೇ.

ರೇವಣಸಿದ್ದಪ್ಪ ಫೋನ್ ಎತ್ತವಲ್ರು. ಕಂಪ್ಲಿಯಿಂದ ಫೋನ್ ಬಂದಿತ್ತು: ನಾಳೆ ಹತ್ತಕ್ಕ ವಾಚು ಒಯ್ಯಾಕ ಮದುವಿ ಹುಡುಗಿನೇ ಬರ್ತಾಳಂತ.